ನಿಲ್ದಾಣ ಕಟ್ಟೋರಿಗೆ ಈಜುಕೊಳ ಯಾಕೆ?

ಮಂಡ್ಯ_ಮೇಷ್ಟ್ರು: ಒಂಬತ್ತನೇ ಕ್ಲಾಸಿನ ಹುಡುಗಿ ಕೇಳಿದಳು: ಬಾಹ್ಯಾಕಾಶ ನಿಲ್ದಾಣ ಕಟ್ಟುವವರು ನೀರಲ್ಲಿ ಯಾಕೆ ತರಬೇತಿ ಪಡೆಯುತ್ತಾರೆ? ನೀರೊಳಗೂ ಗುರುತ್ವ ಇದೆ ಅಲ್ವಾ ಸಾರ್? ಸುಮ್ನೆ 'ತೇಲ್ತಾರಮ್ಮ' ಅಂದರೆ ಬಿಡುವವಳಲ್ಲ.

ನಾಲೆ_ಈಜುಗಾರ: ಹುಡುಗಿ ಸರಿಯಾಗೇ ಹಿಡಿದಿದ್ದಾಳೆ. ಹ್ಯೂಸ್ಟನ್‌ನಲ್ಲಿರುವ ನಾಸಾ ಕೊಳ 202 ಅಡಿ ಉದ್ದ, 40 ಅಡಿ ಆಳ. ಬಾಹ್ಯಾಕಾಶ ಸೂಟು ಹಾಕಿದವರಿಗೆ ಡೈವರ್‌ಗಳು ತೂಕದ ತುಂಡು, ಫೋಮ್ ಸೇರಿಸುತ್ತಾ ಹೋಗುತ್ತಾರೆ, ಮೇಲಕ್ಕೂ ಏಳದೆ ಕೆಳಕ್ಕೂ ಇಳಿಯದೆ ನಿಲ್ಲುವ ತನಕ. ತೇಲುವುದು ಸೂಟು ಮಾತ್ರ. ಒಳಗಿನ ಮೈಗೆ ಭಾರ ಗೊತ್ತಾಗುತ್ತದೆ. ತಲೆಕೆಳಗಾದರೆ ಭುಜ ಒತ್ತುತ್ತದೆ, ರಕ್ತ ತಲೆಗೆ ನುಗ್ಗುತ್ತದೆ. ಕೈಗವಸಿನದು ಇನ್ನೂ ಕಷ್ಟ. ಒಳಗಿನ ಗಾಳಿಯ ಒತ್ತಡದಿಂದ ಅದು ಬಿಗಿದುಕೊಂಡಿರುತ್ತದೆ, ಪ್ರತಿ ಸಲ ಬೆರಳು ಮಡಿಸುವಾಗಲೂ ಗುದ್ದಾಟ. ಉಗುರು ಕಿತ್ತುಬಂದವರೂ ಇದ್ದಾರೆ!

ಮೈಸೂರು_ಮಂದಿ: ಇನ್ನೊಂದು ಸೇರಿಸಿ. ನೀರು ಚಲನೆಯನ್ನು ತಡೆಯುತ್ತದೆ, ಮೇಲೆ ಬಾಹ್ಯಾಕಾಶದಲ್ಲಿ ತಡೆಯೋಕೆ ಏನೂ ಇಲ್ಲ. ದೊಡ್ಡ ಸಾಮಾನು ಒಮ್ಮೆ ಹೊರಟರೆ ನಿಲ್ಲಿಸೋದೇ ದೊಡ್ಡ ಕೆಲಸ. ಅದನ್ನು ಕೊಳದಲ್ಲಿ ಕಲಿಯಲಾಗದು, ವರ್ಚುವಲ್ ರಿಯಾಲಿಟಿ, ಅಂದ್ರೆ ಕಂಪ್ಯೂಟರ್ ಕಟ್ಟಿಕೊಡುವ ನಕಲಿ ಅನುಭವ ಬೇಕು. 1998ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಮೊದಲ ಎರಡು ಭಾಗಗಳಾದ ಜರ್ಯಾ, ಯೂನಿಟಿ ಜೋಡಿಸಿದಾಗ ಹೊರಗೆ ಹೋಗಿ ಕೇಬಲ್ ಸಿಕ್ಕಿಸಿದವರು ಜೆರ್ರಿ ರಾಸ್, ಜೇಮ್ಸ್ ನ್ಯೂಮನ್.

ಮಂಡ್ಯ_ಮೇಷ್ಟ್ರು: ಉಗುರಿನ ವಿಷಯ ಹೇಳಿದರೆ ಕ್ಲಾಸು ಮುಗಿದ ಹಾಗೇ! ನಮ್ಮ ನಿಲ್ದಾಣ 2035ಕ್ಕೆ ಅಂತಿದ್ದಾರೆ, ಅದಕ್ಕೂ ಇಂಥ ಕೊಳ ಬೇಕಾಗುತ್ತಾ?