ಇವರು ಮೊದಲಿಂದಲೂ ಮುಂದಿದ್ದರಾ? ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಹೇಳಬಹುದಾದ ಜರ್ಮನ್ ಹೆಣ್ಣುಮಕ್ಕಳ ಕಥೆಗಳು

ಎಲ್ಲರಿಗೂ ನಮಸ್ಕಾರ. ಮೊನ್ನೆಯಿಂದ ಇಲ್ಲಿ ನಡೆಯುತ್ತಿರುವ ಚರ್ಚೆಯನ್ನು ಪೂರ್ತಿ ಓದಿದೆ. ಹೆಣ್ಣುಮಗು ಇರುವ ಒಬ್ಬ ತಂಗಿ ಕೇಳಿದ್ದು ಇಷ್ಟೇ: "ಶನಿವಾರ ಕನ್ನಡ ಕ್ಲಾಸು, ಭಾನುವಾರ ಭರತನಾಟ್ಯ, ನಮ್ಮದನ್ನೆಲ್ಲ ಕಲಿಸ್ತಾ ಇದ್ದೀವಿ. ಅವಳು ಬೆಳೀತಿರೋದು ಜರ್ಮನಿಯಲ್ಲಿ. ಇಲ್ಲಿನದನ್ನ ಮನೇಲಿ ಏನಾದ್ರೂ ಹೇಳಿಕೊಡಬೇಕಾ?" ಅದಕ್ಕೆ ಕೆಲವರು "ಅದೆಲ್ಲ ಸ್ಕೂಲಿನವರು ನೋಡ್ಕೋತಾರೆ ಬಿಡಿ" ಅಂದರು. ಮ್ಯೂನಿಕ್‌ನ ಅಣ್ಣ ಒಬ್ಬರು, "ಹೆಣ್ಣುಮಕ್ಕಳ ವಿಷಯದಲ್ಲಿ ಇವರು ಮೊದಲಿಂದಲೂ ಮುಂದು, ನಾವೇನು ಹೇಳಿಕೊಡೋದು" ಎಂದು ಬರೆದರು. ಲೈಕು ಜಾಸ್ತಿ ಬಿದ್ದಿದ್ದು ಅದಕ್ಕೇ.

ಅಣ್ಣ, ಬೇಜಾರು ಮಾಡ್ಕೋಬೇಡಿ. ಈ "ಮೊದಲಿಂದಲೂ" ಅನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಪಶ್ಚಿಮ ಜರ್ಮನಿಯಲ್ಲಿ 1977ರ ಜುಲೈವರೆಗೂ ಮನೆ ನೋಡಿಕೊಳ್ಳುವುದು ಹೆಂಡತಿಯ ಕೆಲಸ ಎಂದು ಕಾನೂನಿನಲ್ಲೇ ಬರೆದಿತ್ತು. ಸಂಸಾರದ ಜವಾಬ್ದಾರಿಗೆ ತೊಂದರೆ ಆಗದಿದ್ದರೆ ಮಾತ್ರ ಅವಳು ಹೊರಗೆ ದುಡಿಯಬಹುದಿತ್ತು. 1977 ಅಂದರೆ ನಮ್ಮಲ್ಲಿ ಎಷ್ಟೋ ಜನ ಹುಟ್ಟಿದ ಕಾಲ. ಪೂರ್ವ ಜರ್ಮನಿಯ ದಾರಿ ಬೇರೆ ಇತ್ತು. ಅಲ್ಲಿ ಹೆಂಗಸರು ಕೆಲಸಕ್ಕೆ ಹೋಗುವುದೇ ವಾಡಿಕೆ. ಪುಟ್ಟ ಮಗುವನ್ನು ಕಿಟಾಕ್ಕೆ (ಶಿಶುವಿಹಾರಕ್ಕೆ) ಬಿಟ್ಟರೆ ಪೂರ್ವದ ಲೈಪ್ಸಿಗ್ ಕಡೆಯ ಅಜ್ಜಿಯರು ಏನೂ ಅನ್ನುವುದಿಲ್ಲ, ನಮ್ಮ ಪಕ್ಕದ ಮನೆಯ ಪಶ್ಚಿಮದ ಅಜ್ಜಿ ಮಾತ್ರ ಹುಬ್ಬು ಏರಿಸುತ್ತಾರೆ. ಯಾಕೆ ಅಂತ ಈಗ ಗೊತ್ತಾಯಿತು, ಅಲ್ವಾ?

ಸಂವಿಧಾನದಲ್ಲಿ "ಗಂಡು ಹೆಣ್ಣು ಸಮಾನರು" ಎಂಬ ಒಂದು ಸಾಲು ಸೇರಿಸುವುದಕ್ಕೇ ದೊಡ್ಡ ರಂಪ ಆಗಿತ್ತು. 1948-49ರಲ್ಲಿ ಬಾನ್‌ನಲ್ಲಿ ಸಂವಿಧಾನ ಬರೆಯಲು ಕೂತವರು 65 ಜನ, ಅದರಲ್ಲಿ ಹೆಂಗಸರು ನಾಲ್ಕೇ. ಕಾಸೆಲ್‌ನ ವಕೀಲೆ ಎಲಿಜಬೆತ್ ಸೆಲ್ಬರ್ಟ್ ಈ ಸಾಲು ಬೇಕೇ ಬೇಕು ಎಂದು ಹಟ ಹಿಡಿದರು. ಸಮಿತಿ ಬೇಡ ಅಂದಿತು. ಆಕೆ ಊರೂರು ತಿರುಗಿ ಮಹಿಳಾ ಸಂಘಗಳನ್ನು ಎಬ್ಬಿಸಿದರು. ಬಟ್ಟೆ ಒಗೆಯುವ ಬುಟ್ಟಿಗಟ್ಟಲೆ ಪ್ರತಿಭಟನೆ ಪತ್ರಗಳು ಬಾನ್‌ಗೆ ಬಂದವು ಎಂದು ಈಗಲೂ ಹೇಳುತ್ತಾರೆ. 1949ರ ಜನವರಿಯಲ್ಲಿ ಸಮಿತಿ ಮಣಿಯಿತು. ಮಗಳಿಗೆ ಈ ಕಥೆ ಹೇಳಿದಾಗ ಅವಳು ಕೇಳಿದ್ದು, "ಬೇಡ ಅಂದಿದ್ದು ಯಾರು, ಅವರ ಹೆಸರು ಹೇಳು" ಎಂದು. ಸ್ಕೂಲಿನಲ್ಲಿ ಇಂಥ ಪ್ರಶ್ನೆಗೆ ಪುರುಸೊತ್ತು ಇರುವುದಿಲ್ಲ.

ಈಗ ಸಾಹಿತ್ಯಕ್ಕೆ ಬರೋಣ. ಗಿಮ್ನಾಸಿಯುಮ್‌ಗೆ (ಇಲ್ಲಿನ ಹೈಸ್ಕೂಲಿಗೆ) ಹೋದ ಮಕ್ಕಳು ಗಯ್ಟೆ, ಶಿಲ್ಲರ್, ಲೆಸ್ಸಿಂಗ್ ಎಂದು ಹಳೆಯ ದೊಡ್ಡ ಸಾಹಿತಿಗಳನ್ನು ಓದಿಕೊಂಡು ಬರುತ್ತಾರೆ. ಆ ಕಾಲದಲ್ಲಿ ಹೆಂಗಸರು ಬರೆಯುತ್ತಿರಲಿಲ್ಲ ಅಂತಲ್ಲ, ಪುಸ್ತಕದ ಮೇಲೆ ಅವರ ಹೆಸರು ಬರುತ್ತಿರಲಿಲ್ಲ. ಸೋಫಿ ಫೊನ್ ಲಾ ರೋಷ್ 1771ರಲ್ಲಿ ಬರೆದ ಕಾದಂಬರಿ ಮನೆಮಾತಾಯಿತು. ಪುಸ್ತಕದಲ್ಲಿ ಇದ್ದ ಹೆಸರು ಸಂಪಾದಕ ವೀಲಾಂಡ್‌ದು. ಆಮೇಲೆ 1783ರಲ್ಲಿ ಆಕೆಯೇ ಹೆಣ್ಣುಮಕ್ಕಳಿಗಾಗಿ ಒಂದು ಪತ್ರಿಕೆ ಶುರು ಮಾಡಿದರು. ನಮ್ಮ ನಂಜನಗೂಡು ತಿರುಮಲಾಂಬ ಮಾಡಿದ ಕೆಲಸವೂ ಇದೇ ಜಾತಿಯದು, ಆದರೆ ಅದಕ್ಕೆ ಇನ್ನೂ ನೂರಮೂವತ್ತು ವರ್ಷ ಕಾಯಬೇಕಿತ್ತು. ಡೊರೊಥೆಯಾ ಶ್ಲೇಗೆಲ್ ಕಾದಂಬರಿ 1801ರಲ್ಲಿ ಬಂದಾಗ ಅದರ ಮೇಲೆ ಇದ್ದದ್ದು ಮುಂದೆ ಆಕೆಯ ಗಂಡನಾದ ಫ್ರೀಡ್ರಿಶ್ ಶ್ಲೇಗೆಲ್ ಹೆಸರು. ಜರ್ಮನ್ನರು ತಮ್ಮವನೇ ಎಂಬಂತೆ ಓದುವ ಶೇಕ್ಸ್‌ಪಿಯರ್ ಅನುವಾದಕ್ಕೆ "ಶ್ಲೇಗೆಲ್-ಟೀಕ್" ಎಂದು ಹೆಸರು. ಅದರಲ್ಲಿ ಮ್ಯಾಕ್‌ಬೆತ್ ಅನುವಾದ ಮಾಡಿದ್ದು ಟೀಕ್ ಅಲ್ಲ, ಅವರ ಮಗಳು ಡೊರೊಥೆಯಾ ಟೀಕ್. ಅಪ್ಪನ ಹೆಸರಲ್ಲೇ ಹೋಯಿತು.

ಇನ್ನೊಂದು ಹೇಳಲೇಬೇಕು. 1849ರಲ್ಲಿ ಲೂಯಿಜ಼ೆ ಓಟ್ಟೊ ಎಂಬಾಕೆ ಸಾಕ್ಸನಿಯಲ್ಲಿ ಹೆಂಗಸರ ವಾರಪತ್ರಿಕೆ ಹೊರಡಿಸಿದರು. ಅದು ಸರಕಾರಕ್ಕೆ ಎಷ್ಟು ಕಸಿವಿಸಿ ಆಯಿತೆಂದರೆ, ಹೆಂಗಸರು ಪತ್ರಿಕೆಯ ಸಂಪಾದಕರಾಗುವಂತಿಲ್ಲ ಎಂದು ಮರುವರ್ಷವೇ ಕಾನೂನು ಮಾಡಿದರು. ಒಬ್ಬಳ ಬಾಯಿ ಮುಚ್ಚಿಸಲು ಒಂದು ಕಾನೂನು! ಆಕೆ ಪತ್ರಿಕೆಯನ್ನು ಪಕ್ಕದ ಪುಟ್ಟ ರಾಜ್ಯದ ಗೇರಾ ಊರಿಗೆ ಸಾಗಿಸಿ ಇನ್ನೂ ಸ್ವಲ್ಪ ಕಾಲ ನಡೆಸಿದರು.

ಡ್ಯಾನ್ಸು, ಸಂಗೀತ ಕಲಿಸುತ್ತಿರುವವರು ಫಾನಿ ಹೆನ್ಸೆಲ್ ಕಥೆ ಕೇಳಿ. ಸಂಗೀತಗಾರ ಫೆಲಿಕ್ಸ್ ಮೆಂಡೆಲ್ಸೋನ್‌ನ ಅಕ್ಕ ಈಕೆ. ಇಬ್ಬರಿಗೂ ಒಂದೇ ಗುರುಗಳು, ಒಂದೇ ಪಾಠ. 1820ರಲ್ಲಿ ಅಪ್ಪ ಕಾಗದ ಬರೆದರು: ಸಂಗೀತ ಅವನಿಗೆ ಕಸುಬಾಗಬಹುದು, ನಿನಗೆ ಅದು ಒಡವೆಯಾಗಿ ಮಾತ್ರ ಇರಬೇಕು. ಆಗ ಅವಳಿಗೆ ಹದಿನಾಲ್ಕು. ಅವಳು ರಾಗ ಹಾಕಿದ ಕೆಲವು ಹಾಡುಗಳು ತಮ್ಮನ ಹೆಸರಿನಲ್ಲೇ ಅಚ್ಚಾದವು. 1842ರಲ್ಲಿ ಫೆಲಿಕ್ಸ್ ಲಂಡನ್ನಿಗೆ ಹೋದಾಗ ವಿಕ್ಟೋರಿಯಾ ರಾಣಿ ಅವನ ಮುಂದೆ ತನಗಿಷ್ಟವಾದ ಹಾಡೊಂದನ್ನು ಆರಿಸಿ ಹಾಡಿದಳು. "ಅದು ನಂದಲ್ಲ, ಅಕ್ಕಂದು" ಎಂದು ಅವನು ಅರಮನೆಯಲ್ಲೇ ಒಪ್ಪಿಕೊಳ್ಳಬೇಕಾಯಿತು. ಆಮೇಲೆ ತಾನೇ ಮನೆಗೆ ಕಾಗದ ಬರೆದು ಇದನ್ನು ಹೇಳಿಕೊಂಡ, ಒಳ್ಳೆಯವನೇ. ಫಾನಿ ತನ್ನ ಹೆಸರಲ್ಲಿ ಹಾಡುಗಳನ್ನು ಹೊರತಂದದ್ದು 1846ರಲ್ಲಿ. ಮರುವರ್ಷ ಮೇ ತಿಂಗಳಲ್ಲಿ ತೀರಿಕೊಂಡಳು. ವಯಸ್ಸು ನಲವತ್ತೊಂದು.

"ಹಾಡು ಕಲೀಲಿ, ಆದ್ರೆ ಹಾಬಿ ಆಗಿ ಇರ್ಲಿ" ಎಂದು ನಮ್ಮ ಮನೆಗಳಲ್ಲಿ ಮಕ್ಕಳಿಗೆ ನಾವೂ ಹೇಳುತ್ತೇವೆ. ಫಾನಿಯ ಅಪ್ಪ ಬರ್ಲಿನ್‌ನ ಸಾಹುಕಾರ, ಓದಿಕೊಂಡವರು. ಹಾಗಾಗಿ ಇದನ್ನು "ಅವರ ಸಂಸ್ಕೃತಿ, ನಮ್ಮ ಸಂಸ್ಕೃತಿ" ಎಂದು ಎರಡು ಪಾಲು ಮಾಡಲು ನನಗಂತೂ ಮನಸ್ಸು ಬರುವುದಿಲ್ಲ.

ಈಗ ನನಗೆ ಎಲ್ಲರಿಗಿಂತ ಇಷ್ಟವಾದ ಅಜ್ಜಿಯ ವಿಷಯ. ನಮ್ಮ ಮಕ್ಕಳೆಲ್ಲ ಗ್ರಿಮ್ ಸಹೋದರರ ಕಥೆ ಕೇಳಿಯೇ ಬೆಳೆಯುತ್ತವೆ. ಇಬ್ಬರು ಅಣ್ಣತಮ್ಮಂದಿರು ಹಳ್ಳಿಹಳ್ಳಿ ಅಲೆದು ಕಥೆ ಕೂಡಿಹಾಕಿದರು ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಅವರು ಅಷ್ಟೇನೂ ಅಲೆಯಲಿಲ್ಲ. ಕಾಸೆಲ್‌ನಲ್ಲಿ ಅವರ ಮನೆಗೇ ಕಥೆಗಳು ಬಂದವು, ತಂದವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಪಕ್ಕದ ಔಷಧಿ ಅಂಗಡಿಯ ವಿಲ್ಡ್ ಮನೆಯ ಹುಡುಗಿಯರು ಹೇಳಿದರು. ಅವರಲ್ಲಿ ಡೋರ್ಟ್‌ಶೆನ್‌ಳನ್ನು ವಿಲ್ಹೆಲ್ಮ್ ಗ್ರಿಮ್ ಮುಂದೆ ಮದುವೆಯೇ ಆದ. ಹಾಸೆನ್‌ಫ್ಲುಗ್ ಮನೆಯ ಅಕ್ಕತಂಗಿಯರು ಹೇಳಿದರು. 1812ರ ಮೊದಲ ಸಂಪುಟದ ಮುನ್ನುಡಿಯಲ್ಲಿ ಈ ಹುಡುಗಿಯರ ಹೆಸರಿಲ್ಲ.

ಹೆಸರು ಸಿಕ್ಕಿದ್ದು ಡೊರೊಥೆಯಾ ಫೀಮಾನ್ ಎಂಬ ಅಜ್ಜಿಗೆ. ಹುಟ್ಟಿದ್ದು 1755ರಲ್ಲಿ, ಕಾಸೆಲ್ ಹತ್ತಿರದ ಕ್ನಾಲ್‌ಹ್ಯೂಟೆ ಎಂಬ ಹೆದ್ದಾರಿ ಪಕ್ಕದ ಹೋಟೆಲಿನಲ್ಲಿ. ಅಪ್ಪ ಅದರ ಮಾಲೀಕರು. ಗಾಡಿ ಹೊಡೆಯುವವರು, ಸಿಪಾಯಿಗಳು, ವ್ಯಾಪಾರಿಗಳು ರಾತ್ರಿ ತಂಗಿ ಕಥೆ ಹೊಡೆಯುವುದನ್ನು ಕೇಳುತ್ತಾ ಬೆಳೆದ ಹುಡುಗಿ. ದರ್ಜಿಯನ್ನು ಮದುವೆಯಾದಳು. ಮನೆ ತುಂಬ ಮಕ್ಕಳು, ಬಡತನ. ವಯಸ್ಸಾದ ಮೇಲೆ ತೋಟದ ತರಕಾರಿ ಹೊತ್ತು ಕಾಸೆಲ್‌ಗೆ ಮಾರಲು ಬರುತ್ತಿದ್ದಳು, ಬಂದಾಗ ಗ್ರಿಮ್ ಮನೆಗೂ ಹೋಗುತ್ತಿದ್ದಳು. ಅವಳು ಹೇಳುವ ರೀತಿಯನ್ನು ಅವರು 1815ರ ಎರಡನೇ ಸಂಪುಟದ ಮುನ್ನುಡಿಯಲ್ಲಿ ಬರೆದಿಟ್ಟಿದ್ದಾರೆ. ಮೊದಲು ಸರಾಗವಾಗಿ ಒಂದು ಸಲ ಹೇಳುವಳು. ಬೇಕೆಂದರೆ ಮತ್ತೆ ನಿಧಾನವಾಗಿ, ಬರೆದುಕೊಳ್ಳಲು ಆಗುವಷ್ಟು ನಿಧಾನವಾಗಿ. ಎಲ್ಲಾದರೂ ತಪ್ಪಿದರೆ ಅಲ್ಲೇ ನಿಂತು ತಾನೇ ತಿದ್ದುವಳು. ಎಷ್ಟು ಸಲ ಹೇಳಿದರೂ ಕಥೆ ಅದೇ, ಮಾತೂ ಬದಲಾಗದು. ಅವಳಿಂದ ಬಂದ ಕಥೆಗಳು ಸುಮಾರು ನಲವತ್ತು. 1819ರ ಆವೃತ್ತಿಯಲ್ಲಿ ಅವಳ ಚಿತ್ರವನ್ನೂ ಹಾಕಿದರು, ಬರೆದದ್ದು ಗ್ರಿಮ್‌ಗಳ ತಮ್ಮ. ಅವಳು ನೋಡಲಿಲ್ಲ. 1815ರಲ್ಲೇ ಹೋಗಿಬಿಟ್ಟಿದ್ದಳು. ಒಂದು ತಮಾಷೆ: ಅವಳನ್ನು ಅವರು "ರೈತ ಹೆಂಗಸು" ಎಂದು ಬರೆದರು. ಅಪ್ಪನ ಕಡೆಯಿಂದ ಅವಳ ಮೂಲ ಫ್ರಾನ್ಸಿನಿಂದ ಧರ್ಮದ ಕಾರಣಕ್ಕೆ ಓಡಿಬಂದ ವಲಸಿಗರದು. ಅಪ್ಪಟ ಜರ್ಮನ್ ಜಾನಪದ ಎಂದು ಮೆರೆಸಿದ ಕಥೆಗಳನ್ನು ಹೇಳಿದ್ದು ವಲಸೆ ಬಂದವರ ವಂಶದವಳು. ನಮ್ಮ ಮಕ್ಕಳಿಗೆ ಈ ಸಂಗತಿ ಗೊತ್ತಿರಲಿ.

ಅವಳ ಒಂದು ಕಥೆ ಹೀಗಿದೆ. ಬಡವನ ಮಗಳಿಗೆ ರಾಜ ಒಗಟು ಹಾಕುತ್ತಾನೆ: ಬಟ್ಟೆ ತೊಟ್ಟೂ ಬರಬಾರದು, ಬೆತ್ತಲೆಯೂ ಬರಬಾರದು, ಸವಾರಿಯಲ್ಲೂ ಬರಬಾರದು, ನಡೆದೂ ಬರಬಾರದು. ಅವಳು ಮೀನಿನ ಬಲೆ ಸುತ್ತಿಕೊಂಡು, ಅದನ್ನು ಕತ್ತೆಯ ಬಾಲಕ್ಕೆ ಕಟ್ಟಿಸಿ ಎಳೆಸಿಕೊಂಡು ಬರುತ್ತಾಳೆ. ಮದುವೆಯಾಗಿ, ಮುಂದೆ ರಾಜನಿಗೆ ಸಿಟ್ಟು ಬಂದು "ನಿನಗೆ ಅತಿ ಪ್ರಿಯವಾದ ಒಂದು ವಸ್ತು ತಗೊಂಡು ತವರಿಗೆ ಹೋಗು" ಅನ್ನುತ್ತಾನೆ. ಅವಳು ಅವನಿಗೇ ನಿದ್ದೆ ಮದ್ದು ಕುಡಿಸಿ ಹೊತ್ತುಕೊಂಡು ಹೋಗುತ್ತಾಳೆ! ಇಂಥ ಜಾಣೆ ಸೊಸೆಯರ ಕಥೆ ನಮ್ಮ ಅಜ್ಜಿಯರೂ ಹೇಳುತ್ತಿದ್ದರಲ್ಲ. ಎ. ಕೆ. ರಾಮಾನುಜನ್ ನಮ್ಮ ಕಡೆ ಕೂಡಿಹಾಕಿದ ಕಥೆಗಳಲ್ಲಿ "ಹಂಚಿ" ಎಂಬುದಿದೆ. ಚಿನ್ನದ ಕೂದಲಿನ ಹುಡುಗಿ ಮಣ್ಣಿನ ಮುಖವಾಡ ಹಾಕಿಕೊಂಡು ಸಾಹುಕಾರರ ಅಡುಗೆಮನೆಯಲ್ಲಿ ದುಡಿಯುವ ಕಥೆ. ಕನ್ನಡದ ಸಿಂಡ್ರೆಲ್ಲಾ ಎಂದೇ ಅವರು ಅದರ ಬಗ್ಗೆ ಬರೆದಿದ್ದಾರೆ. ಮಕ್ಕಳಿಗೆ ಊಟ ಮಾಡಿಸುತ್ತಾ ಅಡುಗೆಮನೆಯಲ್ಲಿ ಹೆಂಗಸರು ಹೇಳುವ ಕಥೆಗಳೇ ಬೇರೆ ಎನ್ನುವುದು ಅವರ ಮಾತು. ಗ್ರಿಮ್‌ನ ಸಿಂಡ್ರೆಲ್ಲಾ ಆದ ಆಶೆನ್‌ಪುಟೆಲ್ ಪಕ್ಕದಲ್ಲಿ ಹಂಚಿಯನ್ನು ಇಟ್ಟು ಹೇಳಿ ನೋಡಿ. ಮಕ್ಕಳೇ ಸುಮ್ನೆ ಕೂರದೆ ಹೋಲಿಸಲು ಶುರು ಮಾಡುತ್ತಾರೆ.

ಓಡಾಟಕ್ಕೆ ಹೋಗುವವರಿಗೆ ಎರಡು ಮಾತು. ಕಾಸೆಲ್‌ನಲ್ಲಿ ಗ್ರಿಮ್‌ವೆಲ್ಟ್ ಮ್ಯೂಸಿಯಂ ಮಕ್ಕಳಿಗೆ ಚೆನ್ನಾಗಿದೆ. ಬೋಡೆನ್‌ಸೀ ಸರೋವರಕ್ಕೆ ಎಲ್ಲರೂ ಹೋಗುತ್ತೀರಿ, ಅಲ್ಲಿನ ಮೀರ್ಸ್‌ಬುರ್ಗ್ ಕೋಟೆ ಬಿಡಬೇಡಿ. ಆನೆಟ್ಟೆ ಫೊನ್ ಡ್ರೋಸ್ಟೆ-ಹ್ಯುಲ್ಸ್‌ಹೋಫ್ ಎಂಬ ಕವಿ ಕೊನೆಗಾಲದಲ್ಲಿ ಇದ್ದದ್ದು ಅಲ್ಲಿ. ಗೋಪುರದ ಮೇಲೆ ನಿಂತು, ಬೇಟೆಗಾರನಾಗಿದ್ದರೆ, ಸಿಪಾಯಿಯಾಗಿದ್ದರೆ, ಗಂಡಸಾದರೂ ಆಗಿದ್ದರೆ ಎಂದು ಹಂಬಲಿಸುವ ಕವಿತೆ ಅವರದು. ಆಗದ್ದಕ್ಕೆ ಜಾಣ ಮಗುವಿನ ಹಾಗೆ ಕೂತು, ಯಾರಿಗೂ ಕಾಣದಂತೆ ಜಡೆ ಬಿಚ್ಚಿ ಗಾಳಿಗೆ ಬಿಡುತ್ತಾಳೆ. ಮಗಳು ಅಲ್ಲಿ ನಿಂತು ರಬ್ಬರ್ ಬ್ಯಾಂಡ್ ತೆಗೆದಳು. ಗಾಳಿ ಜೋರಿತ್ತು, ಬಾಚೋಕೆ ಆಮೇಲೆ ನನ್ನ ಕೈ ಸೋತಿತು. ಯೂರೋಗೆ ಮೊದಲು ಮಾರ್ಕ್ ಇದ್ದ ಕಾಲದ 20ರ ನೋಟಿನಲ್ಲಿ ಈ ಕವಿಯ ಚಿತ್ರ ಇತ್ತು. ಕೊನೆಯ ಸರಣಿಯಲ್ಲಿ 5ರಲ್ಲಿ ಬೆಟ್ಟಿನಾ ಫೊನ್ ಆರ್ನಿಮ್, 100ರಲ್ಲಿ ಕ್ಲಾರಾ ಶೂಮಾನ್, 500ರಲ್ಲಿ ಹುಳುಗಳ ಚಿತ್ರ ಬರೆಯಲು ಐವತ್ತು ದಾಟಿದ ಮೇಲೆ ಮಗಳನ್ನು ಕರಕೊಂಡು ಸುರಿನಾಮ್‌ಗೆ ಹಡಗು ಹತ್ತಿದ ಮರಿಯಾ ಸಿಬಿಲ್ಲಾ ಮೇರಿಯನ್. ಫ್ಲೋಮಾರ್ಕ್ಟ್‌ನಲ್ಲಿ (ಹಳೆ ಸಾಮಾನಿನ ಸಂತೆಯಲ್ಲಿ) ಹಳೆ ನೋಟು ಕಂಡರೆ ಮಕ್ಕಳಿಗೆ ತೋರಿಸಿ.

ಡಿಪೆಂಡೆಂಟ್ ವೀಸಾದಲ್ಲಿ ಬಂದು ಜರ್ಮನ್ ಭಾಷೆಯ ಬಿ1 ಕ್ಲಾಸಿನಲ್ಲಿ ಕೂತಿರುವ ತಂಗಿಯರಿಗೆ ಇನ್ನೊಂದು ಹೆಸರು ಹೇಳುತ್ತೇನೆ. ಎಮಿನೆ ಸೆವ್ಗಿ ಓಜ಼್ದಾಮಾರ್ 1965ರಲ್ಲಿ ಟರ್ಕಿಯಿಂದ ಬರ್ಲಿನ್‌ನ ಕಾರ್ಖಾನೆಗೆ ಕೂಲಿಗೆ ಬಂದಾಗ ಹದಿಹರೆಯದ ಹುಡುಗಿ, ಜರ್ಮನ್ ಬರುತ್ತಿರಲಿಲ್ಲ. 1991ರಲ್ಲಿ ಇಂಗೆಬೋರ್ಗ್ ಬಾಖ್‌ಮಾನ್ ಪ್ರಶಸ್ತಿ, 2022ರಲ್ಲಿ ಜರ್ಮನ್ ಸಾಹಿತ್ಯದ ದೊಡ್ಡ ಗೌರವವಾದ ಬ್ಯೂಶ್ನರ್ ಪ್ರಶಸ್ತಿ. ಬರೆದದ್ದು ಜರ್ಮನ್ನಿನಲ್ಲೇ, ಟರ್ಕಿಶ್‌ನ ಒಗ್ಗರಣೆ ಬಿಡದೆ. ಹಾಗೇ, 2024ರ ಅಂತರರಾಷ್ಟ್ರೀಯ ಬೂಕರ್ ಬಂದದ್ದು ಬರ್ಲಿನ್‌ನ ಯೆನ್ನಿ ಎರ್ಪೆನ್‌ಬೆಕ್‌ಗೆ, 2025ರದು ನಮ್ಮ ಬಾನು ಮುಷ್ತಾಕ್‌ಗೆ. ಸಹೋದ್ಯೋಗಿಗಳ ಜೊತೆ ಕಾಫಿ ಹೊತ್ತಿನಲ್ಲಿ ಮಾತಿಗೆ ಇದಕ್ಕಿಂತ ಒಳ್ಳೆ ನೆಪ ಬೇಕಾ?

"ನಮ್ಮನೇಲಿ ಇರೋದು ಗಂಡುಮಕ್ಕಳು, ನಮಗ್ಯಾಕೆ" ಎಂದು ಒಬ್ಬರು ಕೇಳಿದ್ದರು. ಗಂಡುಮಕ್ಕಳಿರುವವರೇ ಮೊದಲು ಹೇಳಬೇಕು ಅಕ್ಕ. ಫೆಲಿಕ್ಸ್ ಕಥೆ ಗಂಡುಹುಡುಗರಿಗೇ ಸರಿ.

ಕಡೆಗೆ ಕೆಲಸದ ಮಾತು. ನಮ್ಮ ಊರಿನ ಸಂಘದ ರಾಜ್ಯೋತ್ಸವಕ್ಕೆ ಮಕ್ಕಳಿಂದ ಒಂದು ಪುಟ್ಟ ನಾಟಕ ಆಡಿಸೋಣ ಅಂತಿದ್ದೇವೆ. ಅರ್ಧ ಹಂಚಿ, ಅರ್ಧ ಆಶೆನ್‌ಪುಟೆಲ್, ಎರಡೂ ಭಾಷೆಯಲ್ಲಿ. ಹಂಚಿ ಕಥೆಯ ಕೊನೆಯಲ್ಲಿ ಸ್ವಾಮಿ, ಪೆಟ್ಟಿಗೆ, ಹುಚ್ಚು ನಾಯಿಯ ಪ್ರಸಂಗ ಬರುತ್ತದಲ್ಲ, ಅದನ್ನು ಎಂಟು ವರ್ಷದ ಮಕ್ಕಳಿಗೆ ಹೇಗೆ ಹೇಳುವುದು ಎಂಬುದೇ ತಲೆನೋವು. ನಿಮ್ಮ ಅಜ್ಜಿ, ದೊಡ್ಡಮ್ಮ ಹೇಳಿದ್ದು ನೆನಪಿದ್ದರೆ, ಯಾವ ಊರಿನ ಕಡೆಯದು ಎಂಬುದನ್ನೂ ಸೇರಿಸಿ ಕೆಳಗೆ ಬರೆಯಿರಿ. ಟೈಪ್ ಮಾಡಲು ಬೇಜಾರಾದರೆ ವಾಯ್ಸ್ ಮೆಸೇಜ್ ಕಳಿಸಿದರೂ ಸಾಕು.