ಯಕ್ಷಗಾನ, ಕೋಲ ತೆಗೀಲಿಕ್ಕೆ ಫಿಲ್ಮಾ ಡಿಜಿಟಲ್ಲಾ?

ಪ್ರಶ್ನೆ (ಬ್ರಹ್ಮಾವರದಿಂದ ಒಬ್ಬರು):
ನಮಸ್ಕಾರ ಸರ್, ಗ್ರೂಪಲ್ಲಿ ಸುಮಾರು ಸಮಯದಿಂದ ಇದ್ದೇನೆ, ಬರೀ ಓದಿದ್ದೇ ಹೊರತು ಎಂತದೂ ಕೇಳಿರ್ಲಿಲ್ಲ. ನಮ್ಮ ಮಾವನ ಒಂದು ಹಳೆ ನಿಕಾನ್ ಎಫ್‌ಎಂ2 ಫಿಲ್ಮ್ ಕ್ಯಾಮೆರಾ ಉಂಟು, 50ಎಂಎಂ 1.8 ಲೆನ್ಸ್ ಸಮೇತ, ಈಗ ನಂಗೇ ಕೊಟ್ಟಿದ್ದಾರೆ. ಅದು ಬಿಟ್ಟು ಕೈಯಲ್ಲಿ ಒಂದು 60 ಸಾವಿರ ಉಂಟು. ತೆಗೀಲಿಕ್ಕೆ ಆಸೆ ಇರುದು ಯಕ್ಷಗಾನ, ಕೋಲ, ಮತ್ತೆ ಮಲ್ಪೆ ಬಂದರು. ಫ್ರೆಂಡ್ಸ್ ಎಲ್ಲ ಹೇಳುದು ಫಿಲ್ಮಲ್ಲೇ ಕಲಿ, 36 ಫೋಟೋ ಮಾತ್ರ ಇರುದ್ರಿಂದ ಶಿಸ್ತು ಬರ್ತದೆ, ಕಲರ್ ಕೂಡ ಬೇರೇನೇ ಅಂತ. ಆ 60 ಸಾವಿರ ರೋಲಿಗೆ ಹಾಕುದಾ, ಸೆಕೆಂಡ್ ಹ್ಯಾಂಡ್ ಡಿಜಿಟಲ್ ತಗೊಳ್ಳುದಾ? ನೀವು ಮದುವೆಗಳನ್ನು ರೋಲಲ್ಲೇ ತೆಗೆದವರು, ನೀವೇ ಹೇಳಿ.

ಉತ್ತರ:
ಡಿಜಿಟಲ್ ತಗೊಳ್ಳಿ. ಕಾರಣ ಹೇಳ್ತೇನೆ, ಯಾಕಂದ್ರೆ ಫ್ರೆಂಡ್ಸ್ ಹೇಳುವ ಕಾರಣಗಳು ನಿಮ್ಮ ವಿಷಯಕ್ಕೆ ಸಂಬಂಧ ಇಲ್ಲದ್ದು.

ನಿಮ್ಮ ಲಿಸ್ಟ್ ನೋಡಿ ಮಾರಾಯ್ರೆ, ಮೂರರಲ್ಲಿ ಎರಡು ರಾತ್ರಿಯದ್ದು. ನಮ್ಮ ಕಡೆ ಕ್ಯಾಮೆರಾ ಎತ್ತಬೇಕು ಅಂತ ಅನ್ನಿಸುವ ಹೆಚ್ಚಿನದ್ದೆಲ್ಲ ಕತ್ತಲಾದ ಮೇಲೆಯೇ, ಕಂಬಳದ ಓಟ ಬೆಳಗಾಗುವ ತನಕ, ಪರ್ಯಾಯದ ಮೆರವಣಿಗೆ ಜನವರಿ 18ರ ನಸುಕಿಗೆ. ಯಕ್ಷಗಾನದ ರಂಗಸ್ಥಳದ ಲೈಟಲ್ಲಿ 400 ಐಎಸ್‌ಒ (ಬೆಳಕು ಹಿಡಿಯುವ ಸ್ಪೀಡ್) ರೋಲ್ ಹಾಕಿ ಎಫ್/2.8 (ಲೆನ್ಸಿನ ಬಾಯಿ, ನಂಬರ್ ಸಣ್ಣದಾದಷ್ಟು ಹೆಚ್ಚು ತೆರೆದದ್ದು) ಇಟ್ರೆ ಶಟರ್ ಸಾಧಾರಣ 1/60 ಸೆಕೆಂಡ್ ಬರ್ತದೆ. ನಿಮ್ಮ 50ಎಂಎಂ ಅನ್ನು ಎಫ್/2ಕ್ಕೆ ತೆರೆದ್ರೆ 1/125. ಭಾಗವತರ ಮುಖಕ್ಕೆ, ಅರ್ಥ ಹೇಳ್ತಾ ಕೂತ ವೇಷಕ್ಕೆ ಅದು ಧಾರಾಳ ಸಾಕು. ಆದ್ರೆ ತೆಂಕುತಿಟ್ಟಿನ ಪುಂಡುವೇಷ ಧೀಂಗಿಣ (ಗಿರಕಿ ಹೊಡೆದು ಹಾರುದು) ಹಾರ್ಲಿಕ್ಕೆ ಶುರು ಮಾಡಿದ ಮೇಲೆ ನಿಮಗೆ 1/500 ಬೇಕು, ಅಂದ್ರೆ ಎಫ್/2ರಲ್ಲೇ ಐಎಸ್‌ಒ 1600, ಎಫ್/2.8ಕ್ಕೆ 3200. ಕಪ್ಪುಬಿಳುಪಿನ ಇಲ್ಫೋರ್ಡ್ ಎಚ್‌ಪಿ5ನ್ನು 1600ಕ್ಕೆ ಪುಶ್ ಮಾಡ್ಬಹುದು (ಅಂದ್ರೆ 1600ರ ರೋಲ್ ಅಂತ ತೆಗೆದು ಹೆಚ್ಚು ಹೊತ್ತು ಡೆವಲಪ್ ಮಾಡುದು), ಗ್ರೇನ್ ದಪ್ಪ ಬರ್ತದೆ, ನೆರಳೆಲ್ಲ ಮಸಿ ಆಗ್ತದೆ, ಕೆಲವೊಮ್ಮೆ ಅದೇ ಚಂದ. ಆದ್ರೆ ಬಣ್ಣದ ವೇಷವನ್ನು ಕಪ್ಪುಬಿಳುಪಲ್ಲಿ ತೆಗೆದು ಎಂತ ಮಾಡುದು? ಕಲರ್ ನೆಗೆಟಿವಲ್ಲಿ ಈಗ ಸುಲಭಕ್ಕೆ ಸಿಗುದ್ರಲ್ಲಿ ಸ್ಪೀಡಿನದ್ದು ಅಂದ್ರೆ 800ರದ್ದು, ಅದರ ರೇಟ್ ಒಮ್ಮೆ ನೋಡಿ ಆಮೇಲೆ ಮಾತಾಡುವ. ಮೇಲಿಂದ ಆ ರೋಲಲ್ಲಿ ಹೆಚ್ಚಿನದ್ದು ಹಗಲು ಬೆಳಕಿಗೆ ಬ್ಯಾಲೆನ್ಸ್ ಮಾಡಿದ್ದು, ಹಳೆ ಹ್ಯಾಲೊಜನ್ ಕೆಳಗೆ ಕಿತ್ತಳೆ ಬಣ್ಣಕ್ಕೆ ಹೋಗ್ತದೆ, ಟ್ಯೂಬ್‌ಲೈಟ್ ಕೆಳಗೆ ಹಸಿರಿಗೆ. ಕೋಲದಲ್ಲಿ ದೊಂದಿ ಬೆಳಕೂ ಇರ್ತದೆ, ಪಕ್ಕದಲ್ಲಿ ಶಾಮಿಯಾನದವ ಕಟ್ಟಿದ ಎಲ್‌ಇಡಿಯೂ ಇರ್ತದೆ. ಡಿಜಿಟಲಲ್ಲಿ ರಾ ಫೈಲ್ (ಸೆನ್ಸಾರ್ ಕಂಡದ್ದು ಹಾಗೇ ಇರುವ ಫೈಲ್) ತೆಗೆದಿದ್ರೆ ವೈಟ್ ಬ್ಯಾಲೆನ್ಸ್ ಮನೇಲಿ ಕೂತು ಸರಿ ಮಾಡ್ಬಹುದು. (ಕೋಲದಲ್ಲಿ ಮೊದಲು ಗುತ್ತಿನವರ (ಕೋಲ ನಡೆಸುವ ಮನೆಯವರ) ಹತ್ರ ಕೇಳಿ, ಬೇಡ ಅಂದ್ರೆ ಬೇಡ. ದೈವದ ಮುಖಕ್ಕೆ ಫ್ಲಾಶ್ ಹೊಡೀಲೇಬೇಡಿ.)

ಇನ್ನು ದುಡ್ಡು. ಒಂದು ಕಲರ್ ರೋಲಿಗೆ ಸಾವಿರ, ಡೆವಲಪ್, ಸ್ಕ್ಯಾನ್, ಕೊರಿಯರ್ ಎಲ್ಲ ಸೇರಿ 600 ಅಂತ ಇಟ್ಕೊಳ್ಳಿ, ಒಂದು ಕ್ಲಿಕ್ಕಿಗೆ ಸುಮಾರು 44 ರೂಪಾಯಿ. ಒಂದು ರಾತ್ರಿಯ ಯಕ್ಷಗಾನದ ಆಟಕ್ಕೆ ಮೂರು ರೋಲ್ ಹೋದ್ರೆ ಹೆಚ್ಚೇನಲ್ಲ. ಶಿಸ್ತು ಬರ್ತದೆ ಅಂತಾರಲ್ಲ, ಕಲಿಯುವವರಿಗೆ ಬೇಕಾದ್ದು ತಾನು ಮಾಡಿದ್ದು ಎಂತಾಯ್ತು ಅಂತ ಅಲ್ಲೇ ಗೊತ್ತಾಗುದು. ರೋಲ್ ಕೊರಿಯರಲ್ಲಿ ಹೋಗಿ ಸ್ಕ್ಯಾನ್ ಬರುವಷ್ಟರಲ್ಲಿ ಯಾವ ಶಟರಲ್ಲಿ ತೆಗೆದದ್ದು ಅಂತ ಯಾರಿಗೆ ನೆನಪಿರ್ತದೆ ಹೇಳಿ, ಪುಸ್ತಕದಲ್ಲಿ ಬರ್ಕೊಳ್ಳುವವರು ನೂರಕ್ಕೊಬ್ಬರು.

ಕ್ಯಾಮೆರಾ ಯಾವುದು ಅಂದ್ರೆ, ನಿಮ್ಮ ಹತ್ರ ಮ್ಯಾನ್ಯುವಲ್ ನಿಕಾನ್ ಲೆನ್ಸ್ ಇರುದ್ರಿಂದ ಹಳೆ ಡಿ610 ಅಥವಾ 2014ರ ಡಿ750 ಹುಡುಕಿ. ಫುಲ್ ಫ್ರೇಮ್ (ಸೆನ್ಸಾರ್ ರೋಲಿನ ಒಂದು ಫ್ರೇಮಿನಷ್ಟು ದೊಡ್ಡದು), 24 ಮೆಗಾಪಿಕ್ಸೆಲ್. ಮೆನುವಲ್ಲಿ ನಾನ್-ಸಿಪಿಯು ಲೆನ್ಸ್ ಡೇಟಾ (ಚಿಪ್ ಇಲ್ಲದ ಹಳೆ ಲೆನ್ಸಿಗೆ) ಅಂತ ಉಂಟು, 50 ಮತ್ತೆ 1.8 ಅಂತ ಹಾಕಿದ್ರೆ ಮಾವನ ಲೆನ್ಸಿಗೂ ಬೆಳಕಿನ ಮೀಟರ್ ಕೆಲಸ ಮಾಡ್ತದೆ. ಡಿ3500, ಡಿ5600 ತರದ್ದಕ್ಕೆ ಅದೇ ಲೆನ್ಸ್ ಕೂರ್ತದೆ, ಮೀಟರ್ ಮಾತ್ರ ಓಡುದಿಲ್ಲ, ಅಂಗಡಿಯವರು ಇದನ್ನು ಹೇಳುದಿಲ್ಲ. ತಗೊಳ್ಳುವಾಗ ಶಟರ್ ಕೌಂಟ್ (ಎಷ್ಟು ಕ್ಲಿಕ್ ಆಗಿದೆ ಅಂತ) ನೋಡಿ, ಲೆನ್ಸಿಗೆ ಹಿಂದಿನಿಂದ ಮೊಬೈಲ್ ಟಾರ್ಚ್ ಹಾಕಿ ನೋಡಿ, ಜೇಡರ ಬಲೆ ತರ ಕಂಡ್ರೆ ಫಂಗಸ್, ಬಿಟ್ಟು ಬನ್ನಿ.

ಪ್ರಶ್ನೆ (ಅವರೇ):
ಥ್ಯಾಂಕ್ಸ್ ಸರ್. ಆದ್ರೂ ಆ ಫಿಲ್ಮ್ ಲುಕ್ ಡಿಜಿಟಲಲ್ಲಿ ಬರುದಿಲ್ಲ ಅಲ್ವಾ? ಮತ್ತೆ ಎಲ್‌ಇಡಿ ಲೈಟಲ್ಲಿ ಡಿಜಿಟಲಿಗೂ ಗೆರೆ ಗೆರೆ ಬರ್ತದೆ ಅಂತಾರೆ.

ಉತ್ತರ:
ಗೆರೆ ಬರುದು ಹೌದು. ನಮ್ಮ ಕರೆಂಟು 50 ಹರ್ಟ್ಸ್, ಕಡಿಮೆ ಕ್ರಯದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿನುಗ್ತದೆ. ಮಿರರ್‌ಲೆಸ್ಸಲ್ಲಿ (ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಸೈಲೆಂಟ್ ಶಟರ್ ಹಾಕಿದ್ರೆ ಪಟ್ಟಿ ಪಟ್ಟಿ ಕಾಣ್ತದೆ. ಮೆಕ್ಯಾನಿಕಲ್ ಶಟರಲ್ಲಿ 1/100 ಅಥವಾ 1/50 ಇಟ್ರೆ ಹೋಗ್ತದೆ, 1/500ರಲ್ಲಿ ಮಾತ್ರ ನಾಲ್ಕೈದು ತೆಗೆದು ಒಳ್ಳೇದು ಆರಿಸ್ಕೊಳ್ಳಬೇಕು. ಅದಕ್ಕಿಂತ ದೊಡ್ಡ ಉಪದ್ರ ಬೇರೆ ಉಂಟು. ಈಗ ಎಲ್ಲಾ ಸ್ಟೇಜಲ್ಲೂ ಕೆಂಪು, ನೀಲಿ ಎಲ್‌ಇಡಿ ಬಂದಿದೆ, ಕೆಂಪು ಲೈಟು ವೇಷದ ಕೆಂಪು ದಗಲೆ (ಅಂಗಿ) ಮೇಲೆ ಬಿದ್ರೆ ಸೆನ್ಸಾರಿನ ಕೆಂಪು ಚಾನೆಲ್ ಒಂದೇ ತುಂಬಿ ಹೋಗ್ತದೆ, ಬಟ್ಟೆಯ ನೆರಿಗೆಯೇ ಕಾಣುದಿಲ್ಲ, ಪೈಂಟ್ ಎರಚಿದ ಹಾಗೆ. ಕಿರೀಟದ ಚಿನ್ನದ ಬೇಗಡೆಯೂ ಹಾಗೇ ಸುಟ್ಟು ಬೆಳ್ಳಗಾಗ್ತದೆ. ಡಿಜಿಟಲಲ್ಲಿ ಬೆಳಕು ಹೆಚ್ಚಾದ್ರೆ ವಾಪಸ್ ಬರುದಿಲ್ಲ, ಕಡಿಮೆಯಾದ್ರೆ ಎತ್ತಬಹುದು, ಹಾಗಾಗಿ ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಅಥವಾ ಎರಡು ಪಟ್ಟು) ಕಡಿಮೆ ತೆಗೀರಿ, ಮೂರು ಬಣ್ಣದ ಹಿಸ್ಟೋಗ್ರಾಮ್ (ಬೆಳಕು ಎಷ್ಟು ಬಿದ್ದಿದೆ ಅಂತ ತೋರಿಸುವ ಗ್ರಾಫ್) ಬೇರೆ ಬೇರೆ ನೋಡಿ. ನೆಗೆಟಿವ್ ಫಿಲ್ಮ್ ಇದಕ್ಕೆ ಸರೀ ಉಲ್ಟಾ, ಎರಡು ಸ್ಟಾಪ್ ಹೆಚ್ಚು ಬೆಳಕು ಕುಡಿದ್ರೂ ಸುಮ್ನಿರ್ತದೆ, ಕಡಿಮೆಯಾದ್ರೆ ಮಾತ್ರ ಕೆಸರು ಬಣ್ಣ. ಮಲ್ಪೆಯ ಮಧ್ಯಾಹ್ನದ ಬಿಸಿಲಿಗೆ, ಬೆಳ್ಳಿ ತರ ಹೊಳೆಯುವ ಮೀನಿನ ರಾಶಿಗೆ ಅದು ಬಹಳ ಒಳ್ಳೇದು, ಅದನ್ನು ನಾನು ಒಪ್ತೇನೆ.

ಲುಕ್ ಬಗ್ಗೆ ಹೇಳುದಾದ್ರೆ, ಆ ಲುಕ್ಕಿನಲ್ಲಿ ಅರ್ಧ ಸ್ಕ್ಯಾನ್ ಮಾಡಿದವನದ್ದು. ಒಂದೇ ನೆಗೆಟಿವನ್ನು ಎರಡು ಲ್ಯಾಬಿಗೆ ಕೊಡಿ, ಒಂದರಲ್ಲಿ ಆಕಾಶ ಹಸಿರು ನೀಲಿ, ಇನ್ನೊಂದರಲ್ಲಿ ಹಳದಿ. ನೀವು ಇನ್‌ಸ್ಟಾದಲ್ಲಿ ನೋಡುದು ಡಿಜಿಟಲ್ ಫೈಲನ್ನೇ. ತಮಾಷೆ ಎಂತ ಗೊತ್ತುಂಟಾ, ಇಲ್ಲಿನ ಕಲರ್ ಲ್ಯಾಬಿನ ದೊಡ್ಡ ಮೆಷಿನಲ್ಲಿ ಡಿಜಿಟಲ್ ಫೋಟೋ ಪ್ರಿಂಟ್ ಹಾಕಿದ್ರೆ ಅದು ಲೇಸರಿನಿಂದ ಎಕ್ಸ್‌ಪೋಸ್ ಆಗುದು ಹಳೇ ಕಾಲದ ಬೆಳ್ಳಿ ಉಪ್ಪಿನ ಪೇಪರ್ ಮೇಲೆಯೇ, ತೊಳೆಯುದು ಕೆಮಿಕಲಲ್ಲೇ.

ಪ್ರಶ್ನೆ (ಸುರತ್ಕಲ್‌ನಿಂದ ಇನ್ನೊಬ್ಬರು):
ಅಣ್ಣ, ನೀವು ಡಿಜಿಟಲ್ ಪಾರ್ಟಿ ಅಂತ ಗೊತ್ತಾಯ್ತು. ಆದ್ರೆ ನಮ್ಮ ಅಜ್ಜನ ಮದುವೆ ನೆಗೆಟಿವ್ ಈಗ್ಲೂ ಉಂಟು, ನನ್ನ ಇಡೀ ಕಾಲೇಜಿನ ಫೋಟೋ ಒಂದು ಹಾರ್ಡ್ ಡಿಸ್ಕ್ ಬಿದ್ದು ಹೋಯ್ತು. ಇದಕ್ಕೆ ಎಂತ ಹೇಳ್ತೀರಿ?

ಉತ್ತರ:
ಅಜ್ಜನ ನೆಗೆಟಿವ್ ಕಪ್ಪುಬಿಳುಪು ಇರ್ಬೇಕು, ಅಲ್ವಾ? ಅದರಲ್ಲಿ ಚಿತ್ರ ನಿಂತಿರುದು ಬೆಳ್ಳಿಯಲ್ಲಿ, ಸರಿಯಾಗಿ ತೊಳೆದಿದ್ರೆ ನಿಮ್ಮ ಮೊಮ್ಮಕ್ಕಳೂ ನೋಡ್ಬಹುದು. ಕಲರ್ ನೆಗೆಟಿವಲ್ಲಿ ಬೆಳ್ಳಿಯನ್ನು ತೊಳೆದು ತೆಗೀತಾರೆ, ಉಳಿಯುದು ಬರೀ ಡೈ, ಸೆಖೆಗೆ ಅದು ಮಾಸ್ತದೆ. ಮತ್ತೆ ಫಿಲ್ಮಿನ ಮೇಲಿನ ಪದರ ಜೆಲಾಟಿನ್, ಪ್ರಾಣಿಯ ಮೂಳೆ ಚರ್ಮದಿಂದ ಮಾಡುದು (ಉಡುಪಿಯ ಶುದ್ಧ ಸಸ್ಯಾಹಾರಿ ಫೋಟೋಗ್ರಾಫರ್‌ಗಳು ಕ್ಷಮಿಸ್ಬೇಕು), ಫಂಗಸ್ಸಿಗೆ ಅದು ಊಟ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗೋಡೆಯೇ ಬೆವರ್ತದೆ, ಕಪಾಟಲ್ಲಿಟ್ಟ ನೆಗೆಟಿವ್ ಸುಮ್ನೆ ಬಿಡ್ತದಾ? ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಾಗುವ ಸಿಲಿಕಾ ಜೆಲ್, ಬಣ್ಣ ಬದಲಾದ ಕೂಡ್ಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಪುನಃ ಹಾಕುದು. ಲೆನ್ಸಿಗೂ ಇದೇ, ಡ್ರೈ ಕ್ಯಾಬಿನೆಟ್ ಇದ್ರೆ 45 ಪರ್ಸೆಂಟ್ ಆಸುಪಾಸಲ್ಲಿ ಇಡಿ. ಚರ್ಮದ ಕೇಸಲ್ಲಿ ಕ್ಯಾಮೆರಾ ಇಟ್ಟು ಮಳೆಗಾಲ ದಾಟಿಸ್ಲೇಬೇಡಿ. ಹಿಂದೆ ಸ್ಟುಡಿಯೋದವರು ಮರದ ಕಪಾಟಿನಲ್ಲಿ 15 ವಾಟ್ ಬಲ್ಬ್ ಉರಿಸಿ ಇಡ್ತಿದ್ರು, ಅದೂ ನಡೀತದೆ.

ಹಾರ್ಡ್ ಡಿಸ್ಕ್ ಹೋಗುದು ಡಿಜಿಟಲಿನ ತಪ್ಪಲ್ಲ, ಒಂದೇ ಕಾಪಿ ಇಟ್ಟದ್ದು. ಎರಡು ಡಿಸ್ಕ್, ಅದ್ರಲ್ಲಿ ಒಂದು ಬೇರೆ ಮನೆಯಲ್ಲಿ. ಒಂದೇ ನೆಗೆಟಿವಿಗೆ ಎರಡನೇ ನೆಗೆಟಿವ್ ಮಾಡ್ಲಿಕ್ಕೆ ಯಾರಿಗೂ ಮನಸ್ಸಾಗುದಿಲ್ಲ ನೋಡಿ.

ಪ್ರಶ್ನೆ (ಮಂಗಳೂರಿನಿಂದ, ಕಾಲೇಜು ಹುಡುಗ):
ಸರ್ ಆನ್‌ಲೈನಲ್ಲಿ ಸಿನಿಮಾ ರೋಲ್ ತುಂಡು ಮಾಡಿ ಡಬ್ಬಿಗೆ ತುಂಬಿದ್ದು ಅಗ್ಗಕ್ಕೆ ಸಿಗ್ತದೆ, ತಗೊಳ್ಬಹುದಾ?

ಉತ್ತರ:
ಸುತ್ತಿದವನು ರೆಮ್‌ಜೆಟ್ ತೆಗೆದಿದ್ದಾನಾ ಅಂತ ಮೊದಲು ಕೇಳಿ. ಕಲರ್ ಸಿನಿಮಾ ನೆಗೆಟಿವಲ್ಲಿ ಹೆಚ್ಚಿನದ್ದರ ಹಿಂದೆ ಒಂದು ಕಪ್ಪು ಇಂಗಾಲದ ಪದರ ಇರ್ತದೆ, ಅದೇ ರೆಮ್‌ಜೆಟ್. ಆ ನೆಗೆಟಿವಿನ ಪ್ರೋಸೆಸ್ಸೇ ಬೇರೆ, ಇಸಿಎನ್-2. ರೆಮ್‌ಜೆಟ್ ಇರುದನ್ನು ಹೇಳದೆ ಮಾಮೂಲಿ ಕಲರ್ ರೋಲ್ ತೊಳೆಯುವ ಸಿ-41 ಲ್ಯಾಬಿಗೆ ಕೊಟ್ರೆ ಆ ಕಪ್ಪು ಕದಡಿ ಅವರ ಮೆಷಿನ್, ಕೆಮಿಕಲ್, ಬೇರೆಯವರ ರೋಲ್ ಎಲ್ಲ ಹಾಳು. ಲ್ಯಾಬಿನವರಿಗೆ ಫೋನ್ ಮಾಡಿ ಕೇಳಿಯೇ ಕಳಿಸಿ.

ಪ್ರಶ್ನೆ (ಬ್ರಹ್ಮಾವರದವರು):
ಲಾಸ್ಟ್ ಒಂದು ಸರ್. ಹಾಗಾದ್ರೆ ಎಫ್‌ಎಂ2 ಮಾರ್ಲಾ?

ಉತ್ತರ:
ಅಯ್ಯೋ ಮಾರ್ಬೇಡಿ! ಅದರ ಶಟರ್ ಪೂರ್ತಿ ಮೆಕ್ಯಾನಿಕಲ್, 1/4000 ತನಕ, ಬ್ಯಾಟರಿ ಮೀಟರಿಗೆ ಮಾತ್ರ, ಎರಡು ಎಲ್‌ಆರ್44 ಸಾಕು. ಅದನ್ನು ಹಗಲಿಗೆ ಇಡಿ, ಮಲ್ಪೆಗೆ, ಕಪ್ಪುಬಿಳುಪು ಹಾಕಿ. ಮನೇಲೇ ತೊಳೆಯುದು ಕಲೀಬಹುದು. ನಮ್ಮಲ್ಲಿ ಕಷ್ಟ ಎಂತ ಅಂದ್ರೆ ಡಿ-76 ಅನ್ನುವ ಡೆವಲಪರಲ್ಲಿ ಎಚ್‌ಪಿ5ಗೆ ಏಳೂವರೆ ನಿಮಿಷ ಅಂತ ಇರುದು 20 ಡಿಗ್ರಿಗೆ, ಏಪ್ರಿಲಲ್ಲಿ ನಮ್ಮ ನಳ್ಳಿ ನೀರೇ 30ರ ಹತ್ರ ಇರ್ತದೆ. ಐಸ್ ಹಾಕಿದ ಬಕೆಟಲ್ಲಿ ಕೆಮಿಕಲ್ ಬಾಟಲಿ ಇಟ್ಟು ಇಳಿಸ್ಬೇಕು. ಇನ್ನೊಂದು, ಚೇಂಜಿಂಗ್ ಬ್ಯಾಗಿನ (ಬೆಳಕು ಹೋಗದ ಚೀಲ) ಒಳಗೆ ಕೈ ಬೆವರಿ ಫಿಲ್ಮ್ ಪ್ಲಾಸ್ಟಿಕ್ ರೀಲಿಗೆ ಅಂಟ್ತದೆ, ಎಷ್ಟು ತಳ್ಳಿದ್ರೂ ಮುಂದೆ ಹೋಗುದಿಲ್ಲ, ಒಳಗೆ ಮಡಚಿ ಹೋಗ್ತದೆ. ಬೆಳಗ್ಗೆ ಐದಕ್ಕೆ ಎದ್ದು ಲೋಡ್ ಮಾಡಿ ಅಥವಾ ಎಸಿ ಇರುವ ರೂಮಲ್ಲಿ ಮಾಡಿ.

ರೋಲ್ ಹಾಕುವ ಮೊದಲು ಹಿಂದಿನ ಬಾಗಿಲು ತೆರೆದು ಅಂಚಿನ ಕಪ್ಪು ಸ್ಪಂಜ್ ಮುಟ್ಟಿ ನೋಡಿ. ಬೆರಳಿಗೆ ಟಾರಿನ ಹಾಗೆ ಅಂಟಿದ್ರೆ ಲೈಟ್ ಸೀಲ್ ಹೋಗಿದೆ, ಅದನ್ನು ಬದಲಾಯಿಸಿದ ಮೇಲೆಯೇ ಮೊದಲ ರೋಲ್ ಹಾಕಿ.