ಅಂಟು, ಸೋಂಕು, ಸಾಂಕ್ರಾಮಿಕ: ವೈದ್ಯರನ್ನು ಕೇಳಿ

ಶಿಕ್ಷಕರು: ಡಾಕ್ಟರೇ, ಅಂಟುರೋಗ, ಸೋಂಕು, ಸಾಂಕ್ರಾಮಿಕ ಮೂರೂ ಒಂದೆಯೇ? ತರಗತಿಯಲ್ಲಿ ಮಕ್ಕಳು ಕೇಳಿದರು.

ವೈದ್ಯೆ: ಅಲ್ಲ. ಅಂಟುರೋಗ ಒಬ್ಬರಿಂದ ಇನ್ನೊಬ್ಬರಿಗೆ ಹತ್ತುವಂಥದ್ದು. ಸೋಂಕು ಎಂದರೆ ಮೂಲದಲ್ಲಿ ತಾಗುವುದು. ಈಗ ರೋಗಾಣು ದೇಹದೊಳಗೆ ನೆಲೆಯೂರುವುದಕ್ಕೆ ಆ ಮಾತು. ಅದು ಇನ್ನೊಬ್ಬರಿಗೆ ಹರಡಲೇಬೇಕೆಂದಿಲ್ಲ. ಸಾಂಕ್ರಾಮಿಕದಲ್ಲಿರುವುದು ದಾಟುವಿಕೆ, ಸಂಕ್ರಾಂತಿಯದೇ ಧಾತು.

ನಿವೃತ್ತ ನೌಕರರು: ಬಾಗಿಲಿಗೆ ಈರುಳ್ಳಿ ಕಟ್ಟಿದರೆ ಸೋಂಕನ್ನು ಹೀರುತ್ತದೆಯೆಂದು ಬಂದ ಸಂದೇಶವನ್ನು ಇಲ್ಲಿ ಹಾಕಿದ್ದೇನೆ. ನಿಜವೇ?

ವೈದ್ಯೆ: ಇಲ್ಲ.

ತೀರ್ಥಹಳ್ಳಿ ಕಡೆಯವರು: ಭಾವ ದರಗು (ಉದುರಿದ ಒಣ ಎಲೆ) ತರಲು ಕಾಡಿಗೆ ಹೋಗಿದ್ದರು. ನಾಲ್ಕು ದಿನದಿಂದ ವಿಪರೀತ ಜ್ವರ, ತಲೆನೋವು, ಮೈಕೈ ನೋವು. ಅಲ್ಲಿ ಮಂಗವೊಂದು ಸತ್ತಿತ್ತಂತೆ. ಅಂಟುರೋಗವೆಂದು ಹೆದರಿ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಒಬ್ಬರನ್ನೇ ಮಲಗಿಸಿದ್ದಾರೆ. ನೋವಿಗೆ ಆಸ್ಪಿರಿನ್ ಕೊಡಬಹುದೇ?

ವೈದ್ಯೆ: ಕೊಡಬೇಡಿ! ರಕ್ತಸ್ರಾವ ಹೆಚ್ಚಬಹುದು. ಇದು ಮಂಗನ ಕಾಯಿಲೆ ಇರಬಹುದು, ಇಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಕಾಡಿಗೆ ಹೋಗಿದ್ದನ್ನೂ ಸತ್ತ ಮಂಗವನ್ನೂ ಮರೆಯದೆ ಹೇಳಿ. ರಕ್ತಪರೀಕ್ಷೆ ಮೊದಲ ವಾರದಲ್ಲೇ ಆಗಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿದ್ದಾಗ ಪತ್ತೆಯಾದ ಜ್ವರವಿದು. ಹೆಸರು ಮಂಗನದಾದರೂ ಕಚ್ಚಿ ಹರಡುವುದು ಉಣುಗು ಎಂಬ ರಕ್ತ ಹೀರುವ ಸಣ್ಣ ಜೀವಿ. ಮಂಗ ಸತ್ತ ಮೇಲೆ ಅದರ ಮೈಮೇಲಿನ ಉಣುಗುಗಳು ಸುತ್ತ ಉದುರುತ್ತವೆ, ಯಾರೂ ಅತ್ತ ಹೋಗದಿರಲಿ. ಆದರೆ ಇದು ಮನುಷ್ಯನಿಂದ ಮನುಷ್ಯನಿಗೆ ದಾಟುವುದಿಲ್ಲ. ನಿಮ್ಮ ಭಾವನಿಗೆ ಸೋಂಕಿದೆ, ಅಂಟಿಲ್ಲ. ಪಕ್ಕದಲ್ಲಿ ಕುಳಿತು ನೀರು ಕುಡಿಸಿ. ಆ ಒಂದು ಪದಕ್ಕೆ ಹೆದರಿ ಜ್ವರದವರನ್ನು ಒಂಟಿಯಾಗಿ ಬಿಡುವುದನ್ನು ನಾನು ಸಹಿಸಲಾರೆ.

ಸಂಸ್ಕೃತ ಅಧ್ಯಾಪಕರು: ಸುಶ್ರುತಸಂಹಿತೆಯಲ್ಲಿ ‘ಸಂಕ್ರಾಮಂತಿ ನರಾನ್ನರಮ್’, ಅಂದರೆ ಮನುಷ್ಯನಿಂದ ಮನುಷ್ಯನಿಗೆ ದಾಟುತ್ತವೆ, ಎಂದಿದೆ. ಸಾಂಕ್ರಾಮಿಕವೇ ಶಾಸ್ತ್ರೀಯ ಪದ.

ಶಿಕ್ಷಕರು: ‘ಅಂಟು’ ಎಂದರೆ ಹಳ್ಳಿಯ ಮಗುವಿಗೂ ತಿಳಿಯುತ್ತದೆ. ಎಲ್ಲಕ್ಕೂ ಸಂಸ್ಕೃತದ ಅಂಗಿ ತೊಡಿಸಬೇಕೇ?

ಸಂಸ್ಕೃತ ಅಧ್ಯಾಪಕರು: ತಿಳಿದಿದ್ದರಿಂದಲೇ ರೋಗಿಯನ್ನು ಕೊಟ್ಟಿಗೆಯ ಪಕ್ಕಕ್ಕೆ ಹಾಕಿದರು.

ಶಿಕ್ಷಕರು: ಅದು ಭಾಷೆಯ ತಪ್ಪಲ್ಲ, ನಿಮ್ಮಂಥವರು ವಿವರಿಸದೆ ಹೋದದ್ದರ ತಪ್ಪು.

ಗೃಹಿಣಿ: ಮಾರಿಬೇನೆ, ಮಾರಿಹಬ್ಬ ಎರಡರ ‘ಮಾರಿ’ಯೂ ಒಂದೆಯೇ?

ನಿವೃತ್ತ ನೌಕರರು: ಈರುಳ್ಳಿಯ ಜೊತೆ ಕರ್ಪೂರವೂ ಇರಬೇಕಂತೆ. ಡಾಕ್ಟರ್ ಪೂರ್ತಿ ಓದಲಿಲ್ಲವೇನೋ.

ವೈದ್ಯೆ: ಪೂರ್ತಿ ಓದಿದೆ. ಸುಳ್ಳು. ಇಂಥ ಸಂದೇಶ ನಂಬಿ ನಾಲ್ಕು ದಿನ ಕಳೆದು ಬರುವವರನ್ನು ನಾನು ನೋಡಿದ್ದೇನೆ. ಇಲ್ಲಿ ಮತ್ತೆ ಹಾಕಬೇಡಿ.

ನಿವೃತ್ತ ನೌಕರರು: ಕೇಳುವುದೂ ತಪ್ಪೇ?

ಶಿಕ್ಷಕರು: ಮೂರನೇ ಸಲ ಕೇಳುವುದು ತಪ್ಪು.

ವೈದ್ಯೆ: ತೀರ್ಥಹಳ್ಳಿಯವರೇ, ಹೊರಟಿರಾ?

ತೀರ್ಥಹಳ್ಳಿ ಕಡೆಯವರು: 108ಕ್ಕೆ ಕರೆ ಮಾಡಿದ್ದೇವೆ. ಒಸಡಿನಲ್ಲಿ ರಕ್ತ ಕಾಣಿಸುತ್ತಿದೆ. ಅಕ್ಕ ಭಾವನ ಪಕ್ಕದಲ್ಲೇ ಕುಳಿತಿದ್ದಾರೆ.

ವೈದ್ಯೆ: ಆಸ್ಪತ್ರೆ ತಲುಪಿದ ಕೂಡಲೇ ರಕ್ತಸ್ರಾವದ ವಿಷಯ ಮೊದಲು ಹೇಳಿ. ಬಳಿಕ ನನಗೆ ಕರೆ ಮಾಡಿ.